ಯೊಸೆಗಾಕಿ ಹಿನೊಮಾರು: ಅಸಲಿತನ ಪರೀಕ್ಷೆಯ ಇತಿಹಾಸ

ಯೊಸೆಗಾಕಿ ಹಿನೊಮಾರು ಎಂದರೆ ಯುದ್ಧಕ್ಕೆ ಹೊರಟ ಜಪಾನಿ ಸೈನಿಕನಿಗೆ ಬಂಧುಗಳು, ನೆರೆಹೊರೆಯವರು, ಜೊತೆ ಕೆಲಸಗಾರರು ಹೆಸರು ಬರೆದು ಕೊಡುತ್ತಿದ್ದ ರಾಷ್ಟ್ರಧ್ವಜ. ಬಿಳಿ ಬಟ್ಟೆಯ ನಡುವಿನ ಕೆಂಪು ಸೂರ್ಯಬಿಂಬದ ಸುತ್ತ ಕುಂಚದಲ್ಲಿ ಬರೆದ ಹೆಸರುಗಳು, ಮೇಲ್ಭಾಗದಲ್ಲಿ ಯುದ್ಧದ ಅದೃಷ್ಟ ಬಹುಕಾಲ ಜೊತೆಗಿರಲಿ ಎಂದು ಹಾರೈಸುವ ನಾಲ್ಕು ದೊಡ್ಡ ಅಕ್ಷರ, ಒಂದು ಅಂಚಿನಲ್ಲಿ ಸೈನಿಕನ ಹೆಸರು, ಕೆಲವೊಮ್ಮೆ ಊರಿನ ಶಿಂಟೋ ದೇಗುಲದ ಕೆಂಪು ಮುದ್ರೆ ಇದರಲ್ಲಿರುತ್ತವೆ. ಸೈನಿಕರು ಇದನ್ನು ಮಡಿಸಿ ಸಮವಸ್ತ್ರದೊಳಗೆ ಇಟ್ಟುಕೊಳ್ಳುತ್ತಿದ್ದರು. 1942ರಿಂದ 1945ರವರೆಗೆ ಪೆಸಿಫಿಕ್ ದ್ವೀಪಗಳಲ್ಲೂ ಬರ್ಮಾದಲ್ಲೂ ಮಿತ್ರಪಡೆಗಳ ಯೋಧರು ಸತ್ತವರ, ಸೆರೆಸಿಕ್ಕವರ ಬಳಿಯಿಂದ ತೆಗೆದುಕೊಂಡು ಮನೆಗೆ ಒಯ್ದ ನೆನಪಿನ ವಸ್ತುಗಳಲ್ಲಿ ಇದಕ್ಕಿದ್ದಷ್ಟು ಬೇಡಿಕೆ ಕೆಲವೇ ವಸ್ತುಗಳಿಗಿತ್ತು. ಬೇಡಿಕೆಯ ಬೆನ್ನಿಗೇ ನಕಲಿಯೂ ಹುಟ್ಟಿತು.

ಪಾಶ್ಚಾತ್ಯ ಸಂಗ್ರಹಾಲಯಗಳ ಹಳೆಯ ಪಟ್ಟಿಗಳಲ್ಲಿ ಇವನ್ನು ‘ಸಮರಧ್ವಜ’ ಎಂದೋ ‘ಪ್ರಾರ್ಥನಾ ಧ್ವಜ’ ಎಂದೋ ಬರೆದಿರುವುದುಂಟು. ಎರಡೂ ಸರಿಯಲ್ಲ. ಭೂಸೇನೆಯ ಸಮರಧ್ವಜವೆಂದರೆ ಚಕ್ರವರ್ತಿ ರೆಜಿಮೆಂಟುಗಳಿಗೆ ಕೊಡುತ್ತಿದ್ದ, ಹದಿನಾರು ಕಿರಣಗಳ, ನೇರಳೆ ಕುಚ್ಚಿನ ಪತಾಕೆ. ಶತ್ರುವಿನ ಕೈಗೆ ಸಿಗಬಾರದೆಂದು 1945ರ ಆಗಸ್ಟ್‌ನಲ್ಲಿ ಇವುಗಳಲ್ಲಿ ಬಹುಪಾಲನ್ನು ಸುಟ್ಟುಹಾಕಲಾಯಿತು. ಉಳಿದುಕೊಂಡ 321ನೆಯ ಪದಾತಿ ರೆಜಿಮೆಂಟಿನ ಪತಾಕೆ ಟೋಕಿಯೋದ ಯಾಸುಕುನಿ ದೇಗುಲದ ಯೂಷೂಕಾನ್ ಸಂಗ್ರಹಾಲಯದಲ್ಲಿದೆ. ಹೀಗಾಗಿ ಅಜ್ಜ ತಂದ ‘ರೆಜಿಮೆಂಟ್ ಪತಾಕೆ’ ಎಂಬ ಮಾತನ್ನು ಪರೀಕ್ಷಕರು ಸುಲಭಕ್ಕೆ ಒಪ್ಪುವುದಿಲ್ಲ. ಚಿನ್ನದ ಬಣ್ಣದ ಅಂಚಿನ, ಎಂಟು ಕಿರಣಗಳ ಧ್ವಜವಾದರೆ ವಾದವೇ ಬೇಕಿಲ್ಲ. ಅದು 1954ರಲ್ಲಿ ಸ್ಥಾಪನೆಯಾದ ಆತ್ಮರಕ್ಷಣಾ ಪಡೆಯದು.

ಸಹಿಮಾಡಿದ ಧ್ವಜ ಕೊಡುವ ರೂಢಿ ಯಾವಾಗ ಶುರುವಾಯಿತೆಂಬ ಬಗ್ಗೆ ಒಮ್ಮತವಿಲ್ಲ. 1894–95ರ ಚೀನಾ–ಜಪಾನ್ ಯುದ್ಧದಿಂದ ಲೆಕ್ಕ ಹಾಕುವವರಿದ್ದಾರೆ, 1904–05ರ ರಷ್ಯಾ–ಜಪಾನ್ ಯುದ್ಧದಿಂದ ಎನ್ನುವವರೂ ಇದ್ದಾರೆ. ಚೀನಾದೊಡನೆ ಪೂರ್ಣಪ್ರಮಾಣದ ಯುದ್ಧ ಆರಂಭವಾದ 1937ರ ನಂತರ ಇದು ಮನೆಮನೆಯ ರೂಢಿಯಾಯಿತು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಇಂದು ಉಳಿದಿರುವ ಧ್ವಜಗಳಲ್ಲಿ ಬಹುಪಾಲು ಆಮೇಲಿನವೇ. ರಷ್ಯಾ ಯುದ್ಧದ್ದೆಂದು ಹೇಳಿಕೊಂಡು ಬಂದದ್ದಕ್ಕೆ ಬಟ್ಟೆಯ ಮೇಲೇ ಇಸವಿಯ ಆಧಾರ ಬೇಕೆಂದು ಕೇಳುವುದು ನ್ಯಾಯ.

ನಕಲಿಗಳು ಯುದ್ಧ ಮುಗಿದ ಮೇಲೆ, ಅದರಲ್ಲೂ ಅಂತರಜಾಲದ ಹರಾಜುಗಳು ಬಂದ ಮೇಲೆ ಹುಟ್ಟಿದವು ಎಂಬ ಮಾತು ಬಹಳ ಕಡೆ ಕಾಣುತ್ತದೆ. ಅದು ಅರ್ಧಸತ್ಯ. ಮೊದಲ ನಕಲಿಗಳು ಯುದ್ಧ ನಡೆಯುತ್ತಿದ್ದಾಗಲೇ, ಅದೇ ದ್ವೀಪಗಳಲ್ಲಿ ತಯಾರಾದವು. 1942ರಲ್ಲಿ ರಚನೆಯಾದ ಅಮೆರಿಕದ ನೌಕಾ ನಿರ್ಮಾಣ ಪಡೆಯವರು, ಅಂದರೆ ‘ಸೀಬೀ’ಗಳು, ನೆನಪಿನ ವಸ್ತುಗಳನ್ನು ತಯಾರಿಸಿ ಮಾರುವುದರಲ್ಲಿ ಹೆಸರಾಗಿದ್ದರು. ಪ್ಯಾರಾಚೂಟ್ ಬಟ್ಟೆಯ ಮೇಲೋ ಕೈಗೆ ಸಿಕ್ಕ ಬಿಳಿ ವಸ್ತ್ರದ ಮೇಲೋ ಕೆಂಪು ಬಣ್ಣದ ವೃತ್ತ ಬಳಿದು, ಜಪಾನಿ ಬಲ್ಲವರಿಗೂ ಅರ್ಥವಾಗದ ಗೀಚುಗಳನ್ನು ಬರೆದ ‘ಶತ್ರು ಧ್ವಜ’ಗಳನ್ನು, ಮುಂಚೂಣಿಯನ್ನೇ ಕಾಣದ ನಾವಿಕರೂ ವಿಮಾನ ಸಿಬ್ಬಂದಿಯೂ ಹಣ ಕೊಟ್ಟೋ ಮದ್ಯ ಕೊಟ್ಟೋ ಪಡೆದರು. ಕೊಂಡವನು ಅದನ್ನು ಅಸಲಿಯೆಂದೇ ನಂಬಿ ಮನೆಗೆ ಒಯ್ದ, ಮಕ್ಕಳಿಗೂ ಹಾಗೆಯೇ ಹೇಳಿದ. ಅವನ ಸೇವೆ, ಅವನಿದ್ದ ದ್ವೀಪ, ಧ್ವಜ ಮನೆಗೆ ಬಂದ ವರ್ಷ ಎಲ್ಲವೂ ನಿಜ, ಧ್ವಜ ಮಾತ್ರ ನಿಜವಲ್ಲ. ಬಟ್ಟೆಯೂ ಬಣ್ಣವೂ 1944ರದ್ದೇ ಆಗಿರುವುದರಿಂದ ಕಾಲ ಹೇಳುವ ಯಾವ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ. ‘ಯೋಧನೇ ತಂದದ್ದು’ ಎಂಬುದನ್ನೇ ಅಸಲಿತನದ ಪುರಾವೆಯಾಗಿ ಇಟ್ಟುಕೊಂಡ ಹಳೆಯ ಪದ್ಧತಿ ಮುಗ್ಗರಿಸಿದ್ದು ಇಲ್ಲಿಯೇ.

ಕಾಗದಪತ್ರಗಳೂ ಈ ತೊಡಕನ್ನು ಪೂರ್ತಿ ಬಿಡಿಸಲಿಲ್ಲ. ಧ್ವಜದ ಮೇಲಿನ ಬರಹದಿಂದ ಊರು, ಸಂಸ್ಥೆ, ಕೆಲವೊಮ್ಮೆ ಪಡೆಯ ಸುಳಿವೂ ಸಿಗುತ್ತಿತ್ತಾದ್ದರಿಂದ ಗುಪ್ತಚರ ವಿಭಾಗ ಅವನ್ನು ದಾಖಲೆಗಳೆಂದೇ ಎಣಿಸಿತು. ನೈಋತ್ಯ ಪೆಸಿಫಿಕ್‌ನಲ್ಲಿ 1942ರಲ್ಲಿ ಸ್ಥಾಪನೆಯಾದ ಮಿತ್ರಪಡೆಗಳ ಅನುವಾದ ವಿಭಾಗದಲ್ಲಿ ಜಪಾನಿ ಮೂಲದ ಅಮೆರಿಕನ್ನರು ಇಂಥ ಬರಹಗಳನ್ನು ಓದುತ್ತಿದ್ದರು. ಮನೆಗೆ ಒಯ್ಯುವ ವಸ್ತುವಿಗೆ ಮೇಲಧಿಕಾರಿ ಸಹಿ ಮಾಡಿದ ಪ್ರಮಾಣಪತ್ರವೂ ಇರುತ್ತಿತ್ತು. ಆದರೆ ‘ಒಂದು ಜಪಾನಿ ಧ್ವಜ’ ಎಂದಷ್ಟೇ ಬರೆದ ಪತ್ರವನ್ನು ಯಾವ ಧ್ವಜದ ಜೊತೆಗೂ ಇಡಬಹುದು. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು.

1945ರಿಂದ 1952ರವರೆಗಿನ ಆಕ್ರಮಿತ ಜಪಾನ್ ಇನ್ನೊಂದು ಪದರ ಸೇರಿಸಿತು. ಅಲ್ಲಿ ಬೀಡುಬಿಟ್ಟ ಸೈನಿಕರು ಅಂಗಡಿಯಿಂದಲೋ ಮನೆಗಳಿಂದಲೋ ಬರಹವಿಲ್ಲದ ಧ್ವಜಗಳನ್ನು ಕೊಂಡರು. ಕೆಲವರು ಅದರ ಮೇಲೆ ತಮ್ಮ ತುಕಡಿಯವರ ಹೆಸರನ್ನೂ ಓಡಾಡಿದ ದ್ವೀಪಗಳ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಂಡರು. ಇವು ನಕಲಿಗಳಲ್ಲ, ರಣರಂಗದಿಂದ ಬಂದವೂ ಅಲ್ಲ. ಹಲವು ಪಟ್ಟಿಗಳು ಇವನ್ನೂ ರಣರಂಗದ ಧ್ವಜಗಳನ್ನೂ ಒಂದೇ ಕಂತೆಗೆ ಸೇರಿಸಿವೆ.

ವಸ್ತುವನ್ನೇ ಓದುವ ವಿಧಾನ ಸಂಗ್ರಾಹಕರ ನಡುವೆ ನಿಧಾನವಾಗಿ ಬೆಳೆಯಿತು. ಮೈಕಲ್ ಬೋರ್ಟ್ನರ್ 2008ರಲ್ಲಿ ಈ ಧ್ವಜಗಳ ಮತ್ತು ಸಾವಿರ ಹೊಲಿಗೆಯ ಸೊಂಟಪಟ್ಟಿಗಳ ಮೇಲೆ ತಂದ ಗ್ರಂಥ ಚದುರಿದ್ದ ತಿಳಿವನ್ನು ಒಂದೆಡೆ ತಂದಿತು. ಕೈಪಿಡಿಗಳಲ್ಲಿ ಪದೇ ಪದೇ ಬರುವ ನಿಯಮಗಳನ್ನು ಮಾತ್ರ ಎಚ್ಚರದಿಂದ ಬಳಸಬೇಕು. 1870ರ ಸರ್ಕಾರಿ ಘೋಷಣೆ ಧ್ವಜದ ಅಳತೆಯನ್ನು 7ಕ್ಕೆ 10 ಎಂದು ಹೇಳಿ, ಬಿಂಬವನ್ನು ಕಂಬದ ಕಡೆಗೆ ನೂರರಲ್ಲೊಂದು ಪಾಲು ಸರಿಸಿತ್ತು. 1999ರ ಕಾನೂನು 2ಕ್ಕೆ 3 ಎಂದು ಬದಲಿಸಿ ಬಿಂಬವನ್ನು ನಟ್ಟನಡುವೆ ತಂದಿತು. ಇದನ್ನು ಹಿಡಿದು ಅಳತೆಪಟ್ಟಿಯಿಂದಲೇ ತೀರ್ಪು ಕೊಡುವವರಿದ್ದಾರೆ. ಆದರೆ 1870ರ ಅಳತೆ ಇದ್ದದ್ದು ವ್ಯಾಪಾರಿ ಹಡಗುಗಳಿಗೆ. ಅಂಗಡಿಯಲ್ಲಿ ಮಾರುತ್ತಿದ್ದ ಧ್ವಜಗಳು ಅದಕ್ಕೆ ಕಟ್ಟುಬಿದ್ದಿರಲಿಲ್ಲ. ಮೂಲೆಯ ಪಟ್ಟಿ ತೊಗಲಿನದೂ ಇರಬಹುದು, ಕಾಗದದ್ದೂ ಇರಬಹುದು. ಬಟ್ಟೆ ರೇಷ್ಮೆ, ಹತ್ತಿ, ರೇಯಾನ್ ಯಾವುದಾದರೂ ಇರಬಹುದು. ಹಾರೈಕೆಯ ಅಕ್ಷರಗಳನ್ನು ಮೊದಲೇ ಅಚ್ಚುಹಾಕಿದ ಅಸಲಿ ಧ್ವಜಗಳೂ ಇವೆ.

ನೇರಳಾತೀತ ದೀಪದ ಪರೀಕ್ಷೆಯೂ ಹೀಗೆಯೇ. ಬಟ್ಟೆಗೆ ಬಿಳುಪು ಕೊಡುವ ಹೊಳಪುಕಾರಕಗಳು ಯುದ್ಧದ ನಂತರವೇ ವ್ಯಾಪಕವಾದವು. ಆ ಬೆಳಕಿನಲ್ಲಿ ಅವು ನೀಲಿಯಾಗಿ ಹೊಳೆಯುತ್ತವೆ. ಹೊಳೆದರೆ ನಕಲಿ ಎಂದು ಅವಸರದಲ್ಲಿ ಹೇಳುವುದುಂಟು. ಯೋಧನ ಮನೆಯವರು 1970ರಲ್ಲಿ ಡಿಟರ್ಜೆಂಟ್ ಹಾಕಿ ಒಗೆದ ಅಸಲಿ ಧ್ವಜವೂ ಹಾಗೆಯೇ ಹೊಳೆಯುತ್ತದೆ. ಹೊಲಿಗೆಯ ನೂಲು ಪಾಲಿಯೆಸ್ಟರ್ ಆಗಿದ್ದರೆ ವಿಷಯ ಬೇರೆ. ಹಾಗಿದ್ದರೂ ಆ ಹೊಲಿಗೆ ಆಮೇಲಿನ ದುರಸ್ತಿಯದಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಹೆಚ್ಚು ನಂಬಬಹುದಾದದ್ದು ಬರಹ. ಕಾಡಿಗೆಯ ಮಸಿ ಎಳೆಗಳ ಉದ್ದಕ್ಕೆ ಸ್ವಲ್ಪ ಹರಡುತ್ತದೆ, ಕುಂಚದ ಎಳೆತದಲ್ಲಿ ದಪ್ಪ–ತೆಳು ಕಾಣುತ್ತದೆ. ಯುದ್ಧಾನಂತರ ಬಂದ ಮಾರ್ಕರ್ ಪೆನ್ನಿನ ಗೆರೆ ಒಂದೇ ಅಗಲವಾಗಿರುತ್ತದೆ. ಐವತ್ತು ಹೆಸರುಗಳಲ್ಲಿ ಐವತ್ತು ಕೈಗಳು ಕಾಣಬೇಕು. ನಕಲಿ ಮಾಡುವವನು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ. ಹಾಗೆಂದು ಒಂದೇ ಕೈಬರಹದ ಅಸಲಿ ಧ್ವಜಗಳು ಇಲ್ಲವೆಂದಲ್ಲ. ಊರಿನ ಒಳ್ಳೆಯ ಬರಹಗಾರನೊಬ್ಬನಿಂದ ಎಲ್ಲರ ಹೆಸರನ್ನೂ ಬರೆಸುವುದಿತ್ತು. ಜಪಾನ್ 1946ರಲ್ಲಿ ನಿತ್ಯಬಳಕೆಯ ಅಕ್ಷರಗಳ ಪಟ್ಟಿ ಮಾಡಿ 1949ರಲ್ಲಿ ಹಲವು ರೂಪಗಳನ್ನು ಸರಳಗೊಳಿಸಿತು. ಸರಳ ರೂಪ ಕಂಡ ಕೂಡಲೇ ತಿರಸ್ಕರಿಸುವುದೂ ತಪ್ಪು, ಏಕೆಂದರೆ ‘ದೇಶ’ದಂಥ ಅಕ್ಷರಗಳ ಕಿರುರೂಪ ಕೈಬರಹದಲ್ಲಿ ಮೊದಲೇ ಇತ್ತು. ಚೀನಾ 1956ರಲ್ಲಿ ತಂದ, ಜಪಾನ್ ಎಂದೂ ಬಳಸದ ರೂಪ ಕಂಡರೆ ಮಾತ್ರ ಸಂದೇಹ ಗಟ್ಟಿಯಾಗುತ್ತದೆ.

ಸಂಸ್ಥೆಗಳ ಹೆಸರು ಇದಕ್ಕಿಂತ ನಿಖರ. ಟೋಕಿಯೋ ನಗರಾಡಳಿತ 1943ರ ಜುಲೈ 1ರಂದು ರದ್ದಾಗಿ ಮಹಾನಗರ ಪ್ರಾಂತವಾಯಿತು. ರಾಷ್ಟ್ರೀಯ ಶಾಲೆಗಳೆಂಬ ಹೆಸರು ಇದ್ದದ್ದು 1941ರಿಂದ 1947ರವರೆಗೆ. ರಾಷ್ಟ್ರರಕ್ಷಣಾ ಮಹಿಳಾ ಸಂಘ 1932ರಲ್ಲಿ ಹುಟ್ಟಿ 1942ರ ಫೆಬ್ರವರಿಯಲ್ಲಿ ಬೇರೊಂದು ಸಂಘದಲ್ಲಿ ವಿಲೀನವಾಯಿತು. ನಕಲಿ ಮಾಡುವವರು ಇಷ್ಟು ಆಳಕ್ಕೆ ಇಳಿಯುವುದು ಅಪರೂಪ. ಅವರು ‘ಕಾಮಿಕಾಜೆ’ಯಂಥ ದೊಡ್ಡ ಪದವನ್ನೇ ನಡುವೆ ಬರೆದು, ಚಹಾದ ನೀರಿನಲ್ಲಿ ಬಟ್ಟೆಯನ್ನು ಹಳದಿಗೊಳಿಸುತ್ತಾರೆ. ಈಚಿನ ದಶಕಗಳಲ್ಲಿ ಇದಕ್ಕಿಂತ ಕಷ್ಟದ ಬಗೆಯೊಂದು ಕಾಣಿಸಿಕೊಂಡಿದೆ: ಬರಹವಿಲ್ಲದ ಹಳೆಯ ಧ್ವಜದ ಮೇಲೆ ಹೊಸ ಬರಹ. ಬಟ್ಟೆ ಅಸಲಿ, ಮಸಿ ಹೊಸದು. ಮಾಸಿದ ಮಡಿಕೆಯ ಗೆರೆಯ ಮೇಲೆ ಮಸಿ ಹರಿದಿದೆಯೋ, ಮಸಿಯ ಮೇಲೆ ಮಡಿಕೆ ಸವೆದಿದೆಯೋ ಎಂದು ಭೂತಗನ್ನಡಿಯಲ್ಲಿ ನೋಡದೆ ಬೇರೆ ದಾರಿಯಿಲ್ಲ.

ಅಮೆರಿಕದ ಆರಿಗಾನ್ ರಾಜ್ಯದ ಅಸ್ಟೋರಿಯಾದಲ್ಲಿ 2009ರಲ್ಲಿ ಆರಂಭವಾದ ಓಬೊನ್ ಸೊಸೈಟಿ ಧ್ವಜಗಳನ್ನು ಮೃತರ ಕುಟುಂಬಗಳಿಗೆ ಮರಳಿಸಲು ತೊಡಗಿದ ಮೇಲೆ ಪರೀಕ್ಷೆಯ ಗುರಿಯೇ ಬದಲಾಯಿತು. ಸಂಗ್ರಾಹಕನಿಗೆ ಧ್ವಜ ಯಾವ ಕಾಲದ್ದೆಂದು ತಿಳಿದರೆ ಸಾಕು. ಇಲ್ಲಿ ಅದು ಯಾರದ್ದೆಂದು ತಿಳಿಯಬೇಕು. ಧ್ವಜದಲ್ಲಿ ವಿಳಾಸ ಇರುವುದು ವಿರಳ. ಅಪರೂಪದ ಮನೆತನದ ಹೆಸರು, ದೇಗುಲದ ಮುದ್ರೆ, ಶಾಲೆ, ಕಾರ್ಖಾನೆ ಇವುಗಳಿಂದ ಊರು ಹುಡುಕಿ, ಅಲ್ಲಿನ ಹಿರಿಯರು ಹೆಸರುಗಳನ್ನು ಗುರುತಿಸಿದರೆ ಅದಕ್ಕಿಂತ ಗಟ್ಟಿ ಪುರಾವೆ ಬೇರೆ ಬೇಕಿಲ್ಲ.

2017ರ ಆಗಸ್ಟ್‌ನಲ್ಲಿ 93 ವರ್ಷದ ಅಮೆರಿಕನ್ ಮರೀನ್ ಯೋಧನೊಬ್ಬ 1944ರಲ್ಲಿ ಸೈಪಾನ್‌ನಲ್ಲಿ ತೆಗೆದುಕೊಂಡಿದ್ದ ಧ್ವಜವನ್ನು ಗಿಫು ಪ್ರಾಂತದ ಹಿಗಾಶಿಶಿರಾಕಾವಾ ಹಳ್ಳಿಗೆ ಖುದ್ದಾಗಿ ಒಯ್ದುಕೊಟ್ಟ. ಅದರ ಮೇಲೆ ಸುಮಾರು 180 ಹೆಸರುಗಳಿದ್ದವು, ಹಲವು ಅದೇ ಹಳ್ಳಿಯವರದು. ಮೃತನ ಒಡಹುಟ್ಟಿದವರು ಬದುಕಿದ್ದರು. ಅವರಿಗೆ ಸೇನೆ ಕಳುಹಿಸಿದ್ದು ಕೆಲವು ಕಲ್ಲುಗಳಿದ್ದ ಮರದ ಪೆಟ್ಟಿಗೆ, ತಿಳಿಸಿದ್ದು ಮರಿಯಾನಾ ದ್ವೀಪಗಳಲ್ಲಿ ಎಲ್ಲೋ ಸತ್ತನೆಂದಷ್ಟೇ. ಧ್ವಜ ಯಾರದೆಂದು ಅದರ ಮೇಲಿನ ಹೆಸರುಗಳೇ ಹೇಳಿದ್ದವು. ಅಣ್ಣ ಸತ್ತದ್ದು ಗರಪಾನ್ ಪಟ್ಟಣದ ಹೊರವಲಯದಲ್ಲಿ ಎಂಬುದನ್ನು ಯೋಧನ ಬಾಯಿಂದ ಕೇಳಿ ತಿಳಿದರು.