ಸಮುದಾಯ ಕೈತೋಟ

ಒಂದೇ ತುಂಡು ನೆಲವನ್ನು ಹಲವು ಮನೆಯವರು ಪಾತಿಗಳಾಗಿ ಹಂಚಿಕೊಂಡು, ಇಲ್ಲವೇ ಎಲ್ಲರೂ ಕೂಡಿ, ಸ್ವಂತ ಬಳಕೆಗೆ ಸೊಪ್ಪು, ತರಕಾರಿ, ಹಣ್ಣು, ಹೂ ಬೆಳೆದುಕೊಳ್ಳುವ ತೋಟ. ನೆಲ ಸಾಮಾನ್ಯವಾಗಿ ಬೆಳೆಯುವವರದಾಗಿರುವುದಿಲ್ಲ. ಪುರಸಭೆಯದೋ ರೈಲ್ವೆಯದೋ ಶಾಲೆಯದೋ ಖಾಸಗಿ ಮಾಲೀಕರದೋ ಆಗಿರುತ್ತದೆ. ಹಾಗಾಗಿ ಇದರ ಚರಿತ್ರೆಯಲ್ಲಿ ಬಿತ್ತನೆಗಿಂತ ಗೇಣಿಯ ಮಾತೇ ಹೆಚ್ಚು. ಯುದ್ಧವೋ ನಿರುದ್ಯೋಗವೋ ಬಂದಾಗ ಖಾಲಿ ನೆಲ ಧಾರಾಳವಾಗಿ ಸಿಕ್ಕಿದೆ. ಕಷ್ಟ ಕಳೆದು ನಿವೇಶನದ ಬೆಲೆ ಏರಿದೊಡನೆ ಕೈತಪ್ಪಿದೆ. ಕಾನೂನು ಬೆಳೆಯುವವರ ಬೆನ್ನಿಗಿದ್ದ ಕಡೆ ಮಾತ್ರ ತೋಟಗಳು ತಲೆಮಾರುಗಟ್ಟಲೆ ಉಳಿದಿವೆ.

ಬ್ರಿಟನ್ನಿನಲ್ಲಿ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟು ಒಂದರ ಮೇಲೊಂದು ಕಾಯ್ದೆ ಮಾಡಿ ಊರೊಟ್ಟಿನ ಗೋಮಾಳಗಳಿಗೆ ಬೇಲಿ ಹಾಕಿಸಿತು. ದನ ಮೇಯಿಸಲೂ ಸೌದೆ ಆಯಲೂ ಜಾಗವಿಲ್ಲದಂತಾದ ಕೂಲಿಗಾರರನ್ನು ಸಮಾಧಾನಪಡಿಸಲೆಂಬಂತೆ 1845ರ ಎನ್‌ಕ್ಲೋಷರ್ ಕಾಯ್ದೆಯಲ್ಲಿ ಭೂಹೀನರಿಗೆ ತಲಾ ಹತ್ತು ಗುಂಟೆಗೆ ಮೀರದ ತುಂಡುಗಳನ್ನು ಬಿಡಬೇಕೆಂಬ ನಿಯಮ ಸೇರಿತು. ಬಿಟ್ಟದ್ದು ಬೇಲಿಯೊಳಗೆ ಹೋದ ನೆಲದ ಮುಂದೆ ಏನೇನೂ ಅಲ್ಲ. ಜನ ಕೇಳಿದರೆ ಸ್ಥಳೀಯ ಸಂಸ್ಥೆ ನೆಲ ಒದಗಿಸಲೇಬೇಕು ಎಂಬ ಕಟ್ಟುಪಾಡು ಬಂದದ್ದು 1887ರ ಕಾಯ್ದೆಯಿಂದ. 1908ರ ಕಾಯ್ದೆ ಅದನ್ನು ಗಟ್ಟಿಮಾಡಿತು. ‘ಅಲಾಟ್‌ಮೆಂಟ್’ ಎಂದು ಕರೆಯುವ ಈ ತುಂಡಿನ ವಾಡಿಕೆಯ ಅಳತೆ ಹತ್ತು ರಾಡ್, ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಇದಕ್ಕಾಗಿಯೇ ಕೊಂಡ ಅಥವಾ ಮೀಸಲಿಟ್ಟ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಎಂದು 1925ರಲ್ಲಿ ಇನ್ನೊಂದು ಕಾಯ್ದೆ ಬಂತು. ಇಂಗ್ಲೆಂಡಿನ ಊರುಗಳಲ್ಲಿ ಇಂದಿಗೂ ಅಲಾಟ್‌ಮೆಂಟಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಕಾಯಲು ಏನಾದರೂ ಉಳಿದಿರುವುದು ಈ ಕಾಯ್ದೆಯ ಪುಣ್ಯ.

ಜರ್ಮನಿಯ ಕಥೆ ಶುರುವಾದದ್ದು ಆಟದ ಮೈದಾನದಿಂದ. 1864ರಲ್ಲಿ ಲೈಪ್‌ಜಿಗ್ ನಗರದ ಶಾಲಾ ಮುಖ್ಯಸ್ಥ ಅರ್ನ್‌ಸ್ಟ್ ಹೌಶಿಲ್ಡ್ ಪೋಷಕರ ಸಂಘವೊಂದನ್ನು ಕಟ್ಟಿ, ಮಕ್ಕಳ ಮೈ ಗಟ್ಟಿಯಾಗಬೇಕೆಂದು ಬೋಧಿಸುತ್ತಿದ್ದ ವೈದ್ಯ ಮೊರಿಟ್ಸ್ ಶ್ರೇಬರ್‌ನ ಹೆಸರಿಟ್ಟ. ಶ್ರೇಬರ್ ಅಷ್ಟರಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಮೈದಾನದ ಅಂಚಿನಲ್ಲಿ ಗೆಸೆಲ್ ಎಂಬ ಉಪಾಧ್ಯಾಯ ಮಕ್ಕಳಿಗಾಗಿ ಪಾತಿ ಮಾಡಿಕೊಟ್ಟ. ಮಕ್ಕಳಿಗೆ ಕಳೆ ಕೀಳುವುದು ಬೇಗನೆ ಬೇಸರವಾಯಿತು. ನೀರುಣಿಸಲು ಬಂದ ಅಪ್ಪ ಅಮ್ಮಂದಿರಿಗೆ ಮಾತ್ರ ರುಚಿ ಹತ್ತಿತು. ಮಕ್ಕಳ ಪಾತಿ ಮನೆಮಂದಿಯ ಪಾತಿಯಾಗಿ, ಅದಕ್ಕೊಂದು ಬೇಲಿ, ಮೂಲೆಗೊಂದು ಗುಡಿಸಲು ಬಂದವು. ತೋಟದ ಕಲ್ಪನೆಯೇ ಇರದಿದ್ದ ಶ್ರೇಬರ್‌ನ ಹೆಸರೇ ಇಡೀ ದೇಶದ ಇಂಥ ತೋಟಗಳಿಗೆ ಅಂಟಿಕೊಂಡಿತು. ಮೊದಲನೆಯ ಮಹಾಯುದ್ಧದ ಹಸಿವಿನ ಬೆನ್ನಿಗೆ 1919ರಲ್ಲಿ ಗೇಣಿಯ ದರಕ್ಕೂ ಒಕ್ಕಲೆಬ್ಬಿಸುವುದಕ್ಕೂ ಕಾನೂನಿನ ಕಡಿವಾಣ ಬಿತ್ತು. 1983ರ ಕಾಯ್ದೆಯ ಪ್ರಕಾರ ಒಂದು ತುಂಡು 400 ಚದರ ಮೀಟರು, ಅಂದರೆ ಸುಮಾರು ನಾಲ್ಕು ಗುಂಟೆ, ಮೀರಬಾರದು. ಗುಡಿಸಲು ಜಗುಲಿ ಸೇರಿ 24 ಚದರ ಮೀಟರಿನೊಳಗಿರಬೇಕು.

ಅಮೆರಿಕದಲ್ಲಿ ಇಂಥ ಆಸರೆ ಇರಲಿಲ್ಲ. 1893ರ ಆರ್ಥಿಕ ಕುಸಿತದಲ್ಲಿ ಡೆಟ್ರಾಯಿಟ್ ನಗರದ ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದಾಗ ಮೇಯರ್ ಹೇಜನ್ ಪಿಂಗ್ರಿ ಮರುವರ್ಷ ಊರಿನ ಖಾಲಿ ನಿವೇಶನಗಳನ್ನು ಆಲೂಗಡ್ಡೆ ಬೆಳೆಯಲು ಬಿಟ್ಟುಕೊಡುವಂತೆ ಮಾಲೀಕರನ್ನು ಕೇಳಿದ. ಪತ್ರಿಕೆಗಳು ‘ಆಲೂಗಡ್ಡೆ ಪಿಂಗ್ರಿ’ ಎಂದು ಆಡಿಕೊಂಡವು. ಬೀಜ, ಸಲಕರಣೆಗೆ ಹಣ ಸಾಲದೆ ಆತ ತನ್ನ ಕುದುರೆಯನ್ನೇ ಹರಾಜಿಗಿಟ್ಟ. ಬೆಳೆ ಬಂದ ಮೇಲೆ ಬೇರೆ ನಗರಗಳೂ ಅದೇ ದಾರಿ ಹಿಡಿದವು.

ಎರಡು ಮಹಾಯುದ್ಧಗಳಲ್ಲಿ ಈ ತೋಟಗಳು ಸರಕಾರಿ ಕಾರ್ಯಕ್ರಮವೇ ಆದವು. 1939ರ ಅಕ್ಟೋಬರಿನಲ್ಲಿ ಬ್ರಿಟನ್ ‘ಗೆಲುವಿಗಾಗಿ ಅಗೆಯಿರಿ’ ಎಂಬ ಚಳವಳಿ ಹೂಡಿತು. ಲಂಡನ್ ಟವರ್ ಕೋಟೆಯ ಕಂದಕದಲ್ಲೂ ಹೈಡ್ ಪಾರ್ಕಿನಲ್ಲೂ ತರಕಾರಿ ಎದ್ದಿತು. ಅಮೆರಿಕದಲ್ಲಿ 1943ರಲ್ಲಿ ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಶ್ವೇತಭವನದ ಹುಲ್ಲುಹಾಸಿನಲ್ಲಿ ತೋಟ ಮಾಡಿಸಿದರು. ಅಲ್ಲಿ ಸುಮಾರು 2 ಕೋಟಿ ‘ವಿಕ್ಟರಿ ಗಾರ್ಡನ್’ಗಳು ದೇಶದ ತಾಜಾ ತರಕಾರಿಯಲ್ಲಿ ಶೇಕಡ 40ರಷ್ಟನ್ನು ಬೆಳೆದವೆಂಬುದು ರೂಢಿಯಲ್ಲಿರುವ ಅಂದಾಜು. ಯುದ್ಧ ಮುಗಿದದ್ದೇ ತಡ, ಬಹುಪಾಲು ಕಣ್ಮರೆಯಾದವು. ಬಾಸ್ಟನ್ನಿನ ಫೆನ್‌ವೇ ತೋಟ ಉಳಿದ ಬೆರಳೆಣಿಕೆಯವುಗಳಲ್ಲಿ ಒಂದು.

ಆ ಕಾಲದ ಬ್ರಿಟಿಷ್ ಕರಪತ್ರಗಳ ಒಂದು ಸಲಹೆ ಈಗಲೂ ಹಳತಾಗಿಲ್ಲ. 90 ಅಡಿ ಉದ್ದ, 30 ಅಡಿ ಅಗಲದ ತುಂಡನ್ನು ಮೂರು ಭಾಗ ಮಾಡಿ, ಗೆಡ್ಡೆ, ಕೋಸು, ಕಾಳು ಜಾತಿಗಳನ್ನು ವರ್ಷಕ್ಕೊಮ್ಮೆ ಜಾಗ ಬದಲಿಸಿ ಹಾಕಬೇಕು ಎಂಬುದು. ನಮ್ಮ ಹಿತ್ತಲಿಗೆ ಹೇಳುವುದಾದರೆ, ಟೊಮೆಟೊ ಕಿತ್ತ ಪಾತಿಗೆ ಮತ್ತೆ ಬದನೆಯನ್ನೋ ಮೆಣಸಿನ ಸಸಿಯನ್ನೋ ಇಡಬಾರದು. ಎಲ್ಲ ಒಂದೇ ಕುಟುಂಬದವು, ಮಣ್ಣಿನಲ್ಲುಳಿದ ಸೊರಗು ರೋಗ ಹೊಸ ಗಿಡಕ್ಕೂ ದಾಟುತ್ತದೆ. ಅಲಸಂದೆ ಅಥವಾ ಹುರುಳಿಕಾಯಿ ಹಾಕಿ, ಆಮೇಲೆ ಸೊಪ್ಪು ಬೆಳೆದರೆ ನೆಲ ಸುಧಾರಿಸಿಕೊಳ್ಳುತ್ತದೆ.

ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಬೌರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವಲ್ಲಿ ಕಸದ ಕೊಂಪೆಯಾಗಿದ್ದ ನಿವೇಶನ ಚೊಕ್ಕಟ ಮಾಡಿ ತೋಟವೆಬ್ಬಿಸಿದರು. ‘ಗ್ರೀನ್ ಗೆರಿಲ್ಲಾ’ಗಳೆಂದು ಕರೆದುಕೊಂಡ ಇವರು ಬೀಜ, ಗೊಬ್ಬರ ಕಟ್ಟಿದ ಉಂಡೆಗಳನ್ನು ಬೇಲಿಯಾಚೆ ಪಾಳು ಜಾಗಗಳಿಗೆ ಎಸೆಯುತ್ತಿದ್ದರು. ಮರುವರ್ಷ ನಗರಾಡಳಿತ ತಿಂಗಳಿಗೆ ಒಂದು ಡಾಲರಿನಂತೆ ಗೇಣಿಗೆ ಕೊಟ್ಟಿತು. ಆದರೆ 1999ರಲ್ಲಿ ಮೇಯರ್ ಜೂಲಿಯಾನಿ ನೂರಕ್ಕೂ ಹೆಚ್ಚು ಇಂಥ ತೋಟಗಳನ್ನು ಹರಾಜು ಹಾಕಲು ಹೊರಟರು. ಪ್ರತಿಭಟನೆ, ಮೊಕದ್ದಮೆಗಳಾದ ಮೇಲೆ ನಟಿ ಬೆಟ್ ಮಿಡ್ಲರ್ ಕಟ್ಟಿದ ಸಂಸ್ಥೆ ಮತ್ತು ಇನ್ನೊಂದು ಟ್ರಸ್ಟ್ ಸೇರಿ ಅವನ್ನು ಕೊಂಡುಕೊಂಡವು. ಕ್ಯೂಬಾದ ದಾರಿ ಬೇರೆ. ಸೋವಿಯತ್ ಒಕ್ಕೂಟ ಕುಸಿದು ಡೀಸೆಲ್, ರಸಗೊಬ್ಬರ ನಿಂತುಹೋದಾಗ ಸರಕಾರವೇ ಹವಾನಾದ ಖಾಲಿ ಜಾಗಗಳಲ್ಲಿ ಗಿಡ್ಡ ಗೋಡೆ ಕಟ್ಟಿ, ಕಾಂಪೋಸ್ಟ್ ತುಂಬಿದ ಎತ್ತರದ ಮಡಿಗಳನ್ನು ಮಾಡಿಸಿತು.

ಭಾರತದಲ್ಲಿ 1943ರ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಮುಖ್ಯವಾಗಿ ರೈತರ ಹೊಲಗಳನ್ನು ಉದ್ದೇಶಿಸಿತ್ತು. ಕರ್ನಾಟಕದಲ್ಲಿ ಮನೆಯ ಹಿತ್ತಲೇ ಕೈತೋಟವಾಗಿತ್ತು: ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ಬೇಲಿಗೆ ಬಸಳೆ, ಚಪ್ಪರಕ್ಕೆ ಅವರೆ. ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನ್ ಪರಿಚಯಿಸಿದ ಸೀಮೆಬದನೆ ಬೆಂಗಳೂರಿನ ಹಿತ್ತಲ ಚಪ್ಪರಗಳನ್ನೇರಿತು. 30-40 ಅಡಿಯ ನಿವೇಶನದಲ್ಲಿ ಮೂರಂತಸ್ತು ಎದ್ದ ಮೇಲೆ ಹಿತ್ತಲಿಗೆ ಜಾಗವೆಲ್ಲಿ? ತೋಟ ತಾರಸಿಗೆ ಹತ್ತಿತು. ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ತಾರಸಿಯಲ್ಲಿ ಸಾವಯವ ತರಕಾರಿ ಬೆಳೆಯುವುದನ್ನು ನಗರದ ಅನೇಕರಿಗೆ ಕಲಿಸಿದರು. 2011ರಲ್ಲಿ ಶುರುವಾದ ‘ಊಟ ಫ್ರಂ ಯುವರ್ ತೋಟ’ ಮೇಳ ಬೀಜ, ಸಸಿ, ಅನುಭವಗಳ ಕೊಡುಕೊಳ್ಳುವಿಕೆಯ ಸಂತೆಯಾಯಿತು. ಅಪಾರ್ಟ್‌ಮೆಂಟುಗಳಲ್ಲಿ ಹಳೆಯ ಗೇಣಿಯ ತಕರಾರು ಹೊಸ ವೇಷದಲ್ಲಿ ಬಂದಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಚಾವಣಿಯೂ ಉದ್ಯಾನವೂ ಎಲ್ಲರಿಗೂ ಸೇರಿದ ಜಾಗ. ಒಬ್ಬರ ಟೊಮೆಟೊಗೆ ಇನ್ನೊಬ್ಬರ ಒಪ್ಪಿಗೆ ಬೇಕು. ಸೋರುವ ಚಾವಣಿಯ ಕೆಳಗಿನ ಮನೆಯವರು ಒಪ್ಪುವುದಿಲ್ಲ, ಅವರನ್ನು ದೂರಿ ಫಲವೂ ಇಲ್ಲ.

ಆದ್ದರಿಂದ ತಾರಸಿ ತೋಟದಲ್ಲಿ ಮೊದಲು ನೋಡಬೇಕಾದದ್ದು ಭಾರ. ಉದ್ದ, ಅಗಲ, ಆಳ ಒಂದೊಂದು ಅಡಿಯಿರುವ ತೊಟ್ಟಿಗೆ ಬರೀ ಮಣ್ಣು ತುಂಬಿ ನೀರೆರೆದರೆ ಸುಮಾರು 50 ಕಿಲೊ ತೂಗುತ್ತದೆ. ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಪಾಲು ಬೆರೆಸಿದರೆ ಭಾರ ಎಷ್ಟೋ ಇಳಿಯುತ್ತದೆ. ಕೋಕೋಪೀಟನ್ನು ಒಂದೆರಡು ಸಲ ತೊಳೆದು ಉಪ್ಪಿನಂಶ ಬಿಡಿಸಿಕೊಳ್ಳಬೇಕು. ಕುಂಡಗಳು ತೊಲೆಗಳ ಮೇಲೆ, ಗೋಡೆಯ ಅಂಚಿನಲ್ಲಿರಲಿ. ಅಡಿಗೆ ಇಟ್ಟಿಗೆ ಕೊಟ್ಟರೆ ನೀರು ನಿಲ್ಲದು. ಮೆಂತ್ಯ, ದಂಟಿಗೆ ಆರು ಇಂಚು ಆಳ ಸಾಕು, ಬದನೆ, ಟೊಮೆಟೊಗೆ ಒಂದಡಿ ಬೇಕು. ಹಣ್ಣು ಕಾಯಿಯ ಗಿಡಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ಸೊಪ್ಪಿಗಷ್ಟೇ ಆಸೆಪಡಬೇಕು. ಬೆಂಡೆಗೆ ಹಳದಿ ನಂಜುರೋಗದ ಕಾಟವಿದ್ದರೆ, ಅದನ್ನು ತಡೆದುಕೊಳ್ಳಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಅನಾಮಿಕ ತಳಿ ಹಾಕಿ ನೋಡಬಹುದು. ದಾಸವಾಳದ ಹಿಟ್ಟು ತಿಗಣೆ ನೀರನ್ನು ರಭಸವಾಗಿ ಚಿಮುಕಿಸಿದರೆ ಬಹುಮಟ್ಟಿಗೆ ಉದುರುತ್ತದೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು.

ಎತ್ತರದ ತಾರಸಿಗಳಿಗೆ ಜೇನ್ನೊಣ ಸುಳಿಯದಿದ್ದರೆ ಬಳ್ಳಿಯ ಹೀಚು ಹಳದಿಯಾಗಿ ಉದುರುತ್ತದೆ. ಗಂಡು ಹೂ ಕಿತ್ತು, ಎಸಳು ತೆಗೆದು, ಪರಾಗದ ತುದಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು; ಬುಡದಲ್ಲಿ ಪುಟ್ಟ ಕಾಯಿ ಹೊತ್ತದ್ದೇ ಹೆಣ್ಣು. ಕುಂಬಳಕ್ಕೆ ಈ ಕೆಲಸ ಬೆಳಗ್ಗೆಯೇ ಆಗಬೇಕು. ಹೀರೆ ಮತ್ತು ಸೋರೆಯ ಹೂ ಅರಳುವುದು ಸಂಜೆ; ಅವುಗಳ ಸರದಿ ದೀಪ ಹಚ್ಚುವ ಹೊತ್ತಿಗೆ.