ಬೆಕ್ಕಿನ ಪೂರ್ವಚರಿತ್ರೆ



ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಪಾಠ ಹೇಳಿದ ನಾನು, ಕಳೆದ ತಿಂಗಳು ಒಂದು ಸರಳ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ. ನಮ್ಮ ಮನೆಯ ಬೆಕ್ಕು ಚಿನ್ನಿಗೆ ನವೆ ಹೆಚ್ಚಾಗಿ, ಕುತ್ತಿಗೆಯ ರೋಮವೆಲ್ಲ ಉದುರಿತ್ತು. ಎಂದಿನ ವೈದ್ಯರು ರಜೆಯಲ್ಲಿದ್ದರು. ಅವರ ಬದಲಿಗೆ ಬಂದಿದ್ದ ಯುವ ವೈದ್ಯರು, "ಹಿಂದೆ ಏನಾದರೂ ಕಾಯಿಲೆ ಇತ್ತೇ ಸಾರ್?" ಎಂದು ಕೇಳಿದರು. "ಈಗೇನೂ ಇಲ್ಲ" ಎಂದೆ. ಅವರು ಕೇಳಿದ್ದು ಹಿಂದಿನದನ್ನು, ನಾನು ಹೇಳಿದ್ದು ಇಂದಿನದನ್ನು. ಅವರು ಚುಚ್ಚುಮದ್ದು ಸಿದ್ಧಪಡಿಸುತ್ತಿದ್ದಾಗ ನನ್ನಾಕೆ, "ಡಾಕ್ಟ್ರೇ, ಇದಕ್ಕೆ ಸಕ್ಕರೆ ಕಾಯಿಲೆ ಬಂದು ಹೋಗಿದೆ" ಎಂದು ತನ್ನ ಪುಟ್ಟ ನೋಟ್‌ಬುಕ್ಕನ್ನು ಮುಂದಿಟ್ಟಳು. ವೈದ್ಯರು ಸಿರಿಂಜನ್ನು ಕೆಳಗಿಟ್ಟರು. ಆ ಒಂದು ಮಾತು ಏಕೆ ಅಷ್ಟು ಮುಖ್ಯವಾಯಿತೆಂಬುದನ್ನು ತಿಳಿಯಲು ಎರಡು ಔಷಧಗಳ ಇತಿಹಾಸವನ್ನು ನೋಡಬೇಕು.

ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಮಧುಮೇಹವನ್ನು ಗುರುತಿಸಿದವರು ನಮ್ಮ ಪ್ರಾಚೀನ ವೈದ್ಯರು. ಅದರ ಮೂಲ ಮೇದೋಜೀರಕ ಗ್ರಂಥಿಯಲ್ಲಿದೆ ಎಂಬುದು 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸ್ಪಷ್ಟವಾಯಿತು. ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಆ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದೇ ಗ್ರಂಥಿಯಿಂದ ಇನ್ಸುಲಿನ್ ಸಾರವನ್ನು ತೆಗೆದರು. 1922ರ ಜನವರಿಯಲ್ಲಿ ಹದಿನಾಲ್ಕರ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಅಶುದ್ಧವಾಗಿತ್ತು. ಚುಚ್ಚಿದ ಜಾಗದಲ್ಲಿ ಬಾವು ಬಂತು. ಕಾಲಿಪ್ ಅದನ್ನು ಶುದ್ಧೀಕರಿಸಿದ ಮೇಲೆ ಹುಡುಗ ಚೇತರಿಸಿಕೊಂಡ. ಮುಂದೆ ದಶಕಗಳ ಕಾಲ ಇನ್ಸುಲಿನ್ ಬಂದದ್ದು ಹಸು ಮತ್ತು ಹಂದಿಗಳಿಂದ. ಹಸುವಿನ ಇನ್ಸುಲಿನ್‌ಗೂ ಬೆಕ್ಕಿನ ಇನ್ಸುಲಿನ್‌ಗೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಮನುಷ್ಯನದಕ್ಕೂ ಬೆಕ್ಕಿನದಕ್ಕೂ ನಾಲ್ಕರ ವ್ಯತ್ಯಾಸ.

ಇನ್ನು ಅಲರ್ಜಿ. ಈ ಪದವನ್ನು 1906ರಲ್ಲಿ ರೂಪಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಫಾನ್ ಪಿರ್ಕೆ. ಅಪಾಯವಿಲ್ಲದ ವಸ್ತುವನ್ನೂ ದೇಹ ಶತ್ರುವೆಂದು ಭಾವಿಸಿ ಹೋರಾಡುವುದೇ ಅಲರ್ಜಿ. ಈ ಹೋರಾಟವನ್ನು ಅಡಗಿಸುವ ಪ್ರಬಲ ಅಸ್ತ್ರ ಸಿಕ್ಕಿದ್ದು 1948ರಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಹೆಂಚ್, ಕೆಂಡಾಲ್ ಬೇರ್ಪಡಿಸಿದ್ದ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಸಂಧಿವಾತದ ರೋಗಿಯೊಬ್ಬರಿಗೆ ಕೊಟ್ಟರು. ಹಾಸಿಗೆ ಹಿಡಿದಿದ್ದಾಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದರು. 1950ರಲ್ಲಿ ಇವರಿಬ್ಬರಿಗೂ ರೈಖ್‌ಸ್ಟೈನ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು. ಆ ಕುಲದ ಔಷಧಗಳು ಆಸ್ತಮಾ, ಇಸುಬುಗಳಿಗೂ, ಅನಂತರ ಪಶುವೈದ್ಯಕ್ಕೂ ಬಂದವು.

ಆದರೆ ಆ ಸ್ಟೀರಾಯ್ಡ್‌ಗಳ ಕುಲನಾಮ ಗ್ಲುಕೋಕಾರ್ಟಿಕಾಯ್ಡ್. ಹೆಸರಿನಲ್ಲೇ ಗ್ಲುಕೋಸ್ ಇದೆ. ಅವು ಯಕೃತ್ತಿನಲ್ಲಿ ಸಕ್ಕರೆಯ ಉತ್ಪಾದನೆಯನ್ನು ಹೆಚ್ಚಿಸುತ್ತವೆ. ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳದಂತೆ ಮಾಡುತ್ತವೆ. ಒಂದು ಔಷಧ ಇಳಿಸುವ ಸಕ್ಕರೆಯನ್ನು ಇನ್ನೊಂದು ಏರಿಸುತ್ತದೆ. ಬೆಕ್ಕುಗಳಲ್ಲಿ ಮಧುಮೇಹಕ್ಕೆ ಸ್ಟೀರಾಯ್ಡ್ ಬಳಕೆ ಒಂದು ಪರಿಚಿತ ಕಾರಣ.

ಚಿನ್ನಿಗೆ ಆದದ್ದೂ ಅದೇ. ನವೆಗೆಂದು ಪದೇ ಪದೇ ದೀರ್ಘಾವಧಿಯ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿದ್ದೆವು. ನವೆ ನಿಂತಿತು, ಆದರೆ ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು, ತಿಂದರೂ ಸೊರಗಿತು. ಐದು ತಿಂಗಳು ದಿನಕ್ಕೆರಡು ಬಾರಿ ನನ್ನಾಕೆ ಇನ್ಸುಲಿನ್ ಕೊಟ್ಟಳು, ಹಿಟ್ಟಿನಂಶ ಕಡಿಮೆಯಿರುವ ಆಹಾರ ಹಾಕಿದಳು. ಕೊನೆಗೆ ಇನ್ಸುಲಿನ್ ಬೇಡವಾಯಿತು. ಬೆಕ್ಕುಗಳಲ್ಲಿ ಹೀಗೆ ಆಗುವುದುಂಟು. ಆದರೆ ಇದು ಉಪಶಮನವೇ ಹೊರತು ಗುಣವಲ್ಲ. ಮೇದೋಜೀರಕ ಗ್ರಂಥಿಯ ಉಳಿತಾಯದ ಶಕ್ತಿ ಕುಗ್ಗಿರುತ್ತದೆ. ಮತ್ತೆ ಅದೇ ಚುಚ್ಚುಮದ್ದು ಬಿದ್ದಿದ್ದರೆ ಕಾಯಿಲೆ ಮರಳುವ ಸಾಧ್ಯತೆ ಬಹಳವಿತ್ತು. ಒಮ್ಮೆ ಒಳಹೋದ ಆ ಔಷಧವನ್ನು ಹಿಂದಕ್ಕೆ ತೆಗೆಯಲಾಗದು, ಅದು ವಾರಗಟ್ಟಲೆ ಕೆಲಸಮಾಡುತ್ತದೆ.

ಹಾಗೆಂದು ನವೆಯನ್ನು ಸಹಿಸಬೇಕೆ? ಅತ್ತ ದರಿ, ಇತ್ತ ಹುಲಿ. ಯುವ ವೈದ್ಯರು ಮೊದಲು ಚಿಗಟಗಳಿಗೆ ಔಷಧ ಕೊಟ್ಟರು. ಬೆಕ್ಕಿನ ನವೆಗೆ ಚಿಗಟದ ಜೊಲ್ಲು ಮುಖ್ಯ ಕಾರಣಗಳಲ್ಲೊಂದು. (ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಎಂದೂ ಹಾಕಬೇಡಿ, ಅದು ಪ್ರಾಣಾಂತಕ.) ನಂತರ ಎಂಟು ವಾರ ಹೊಸ ಮಾಂಸದ ಆಹಾರದ ಪರೀಕ್ಷೆ. ಇಲ್ಲೂ ಎಚ್ಚರ ಬೇಕು. ಅಲರ್ಜಿಗೆಂದು ತಯಾರಾಗುವ ಕೆಲವು ಒಣ ಆಹಾರಗಳಲ್ಲಿ ಹಿಟ್ಟಿನಂಶ ಹೆಚ್ಚು.

ಇದಕ್ಕೂ ಬಗ್ಗದಿದ್ದರೆ ಇತಿಹಾಸವೇ ಇನ್ನೆರಡು ದಾರಿಗಳನ್ನು ಕೊಟ್ಟಿದೆ. 1911ರಲ್ಲಿ ಲಂಡನ್‌ನ ಲಿಯೊನಾರ್ಡ್ ನೂನ್, ಹುಲ್ಲಿನ ಪರಾಗದ ಸಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಚುಚ್ಚಿ ದೇಹಕ್ಕೆ ಅದನ್ನು ಒಗ್ಗಿಸಿದರು. ಆ ವಿಧಾನ ಇಂದು ಬೆಕ್ಕಿಗೂ ಉಂಟು. ಅದರಲ್ಲಿ ಸ್ಟೀರಾಯ್ಡ್ ಇಲ್ಲ. ಎರಡನೆಯದು ಸೈಕ್ಲೊಸ್ಪೋರಿನ್. ನಾರ್ವೆಯ ಹಾರ್ಡಾಂಗರ್‌ವಿಡ್ಡ ಪ್ರಸ್ಥಭೂಮಿಯ ಮಣ್ಣಿನ ಶಿಲೀಂಧ್ರದಿಂದ ಬಂದ ಇದರ ಗುಣವನ್ನು 1972ರಲ್ಲಿ ಬಾಸೆಲ್‌ನ ಸ್ಯಾಂಡೋಸ್ ಪ್ರಯೋಗಾಲಯದಲ್ಲಿ ಕಂಡುಕೊಂಡರು. ಅಂಗಾಂಗ ಕಸಿಗೆ ನೆರವಾದ ಈ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಬೆಕ್ಕಿನ ಅಲರ್ಜಿಗೂ ಅನುಮತಿ ದೊರೆಯಿತು. ಇದೂ ಸಕ್ಕರೆಯನ್ನು ಏರುಪೇರು ಮಾಡಬಹುದು; ರಕ್ತ ಪರೀಕ್ಷೆ ಮಾಡಿಸುತ್ತಲೇ, ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕು.

ಚಿನ್ನಿಯ ಮಟ್ಟಿಗೆ ಚಿಗಟದ ಔಷಧ, ಆಹಾರ ಬದಲಾವಣೆಗಳಿಂದಲೇ ನವೆ ಬಹುತೇಕ ಇಳಿದಿದೆ. ಸಕ್ಕರೆ ಏರಿಲ್ಲ.

"ಇಸವಿಗಳನ್ನೆಲ್ಲ ಏಕೆ ನೆನಪಿಡಬೇಕು ಸಾರ್?" ಎಂದು ನೀವು ಕೇಳುತ್ತಿದ್ದಿರಿ. ಆಗ ನಾನು ಪರೀಕ್ಷೆಯ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸುತ್ತಿದ್ದೆ. ನನ್ನಾಕೆಯ ನೋಟ್‌ಬುಕ್ಕಿನಲ್ಲಿ ಇದ್ದದ್ದು ದಿನಾಂಕ, ಔಷಧದ ಹೆಸರು, ಸಕ್ಕರೆಯ ಅಂಕಿ, ಇಷ್ಟೇ. ಮಾತು ಬಾರದ ಜೀವದ ಚರಿತ್ರೆಯನ್ನು ಅದರ ಪರವಾಗಿ ನಾವೇ ಹೇಳಬೇಕು. ನಿಮ್ಮ ಮನೆಯಲ್ಲಿ ಅಂಥದೊಂದು ಜೀವವಿದ್ದರೆ ಇಂದೇ ಒಂದು ನೋಟ್‌ಬುಕ್ ಇಡಿ. ಹೊಸ ವೈದ್ಯರ ಮುಂದೆ ಕುಳಿತಾಗ, ವಾಸಿಯಾದ ಕಾಯಿಲೆಯನ್ನೇ ಮೊದಲು ಹೇಳಿ.