ಕ್ಲಾರ್ಕ್ಸ್ ಪಾದರಕ್ಷೆ ಸಂಸ್ಥೆ

ಇಂಗ್ಲೆಂಡಿನ ಸಾಮರ್ಸೆಟ್ ಕೌಂಟಿಯ ಸ್ಟ್ರೀಟ್ ಎಂಬ ಊರಿನಲ್ಲಿ 1825ರಲ್ಲಿ ಹುಟ್ಟಿದ ಸಂಸ್ಥೆ. ಸ್ಥಾಪಕ ಸೈರಸ್ ಕ್ಲಾರ್ಕ್ ಕುರಿಚರ್ಮ ಹದಮಾಡಿ ನೆಲಹಾಸು ಮಾಡಿಸುತ್ತಿದ್ದ. ಕತ್ತರಿಸಿ ಉಳಿದ, ಉಣ್ಣೆ ಸಮೇತದ ಚೂರುಗಳಿಂದ ತಮ್ಮ ಜೇಮ್ಸ್ ಬೆಚ್ಚನೆಯ ಸ್ಲಿಪ್ಪರ್ ಮಾಡತೊಡಗಿದ. 'ಬ್ರೌನ್ ಪೀಟರ್ಸ್‌ಬರ್ಗ್' ಎಂಬ ಈ ಸರಕಿಗೆ ಬೇಡಿಕೆ ಕುದುರಿ, ಕ್ರಮೇಣ ಪಾದರಕ್ಷೆಯೇ ಮುಖ್ಯ ಕಸುಬಾಯಿತು. ಆಗ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸಿ ಕೊಟ್ಟರೆ, ಹೊಲಿಯುವುದು, ಅಟ್ಟೆ ಕೂರಿಸುವುದು ಎಲ್ಲ ಸುತ್ತಲಿನ ಮನೆಗಳಲ್ಲಿ ನಡೆಯುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಎರಡು ಬಹುಮಾನ ಬಂದವು; 1856ರಲ್ಲಿ ಹೊಲಿಗೆ ಯಂತ್ರ ಬಂತು.

ಹೆಸರು ಬಂದರೂ ಲೆಕ್ಕಪತ್ರ ನೆಟ್ಟಗಿರಲಿಲ್ಲ. ಸಾಲ ಬೆಳೆದು 1863ರಲ್ಲಿ ಸಂಸ್ಥೆ ದಿವಾಳಿಯ ಅಂಚಿಗೆ ಬಂದಾಗ ಕೈಹಿಡಿದದ್ದು ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಂಧುಮಿತ್ರರು. ಕ್ಲಾರ್ಕ್ ಕುಟುಂಬವೂ ಅದೇ ಪಂಥದ್ದು. ಅವರು ಸಾಲ ಕೊಟ್ಟರು; ಆಡಳಿತವೂ ಬದಲಾಗಿ, ಜೇಮ್ಸನ ಮಗ ವಿಲಿಯಂ ಚುಕ್ಕಾಣಿ ಹಿಡಿದ. ಸಂಸ್ಥೆಯ ನಿಜವಾದ ಕಟ್ಟುವಿಕೆ ಇಲ್ಲಿಂದ ಆರಂಭವಾಯಿತು ಎನ್ನಬೇಕು. ಮನೆಗಳಲ್ಲಿ ಹಂಚಿಹೋಗಿದ್ದ ಕೆಲಸವನ್ನು ಆತ ಯಂತ್ರಗಳತ್ತ, ಕಾರ್ಖಾನೆಯ ಸೂರಿನಡಿಗೆ ತಂದ. 1883ರಲ್ಲಿ ಬಂದ 'ಹೈಜೀನಿಕ್' ಶ್ರೇಣಿಯ ಬೂಟುಗಳು ಪಾದದ ಸಹಜ ಆಕಾರವನ್ನು ಅನುಸರಿಸಿದ್ದವು. ಕೆಲಸಗಾರರ ಓದು, ಮನರಂಜನೆಗೆಂದು 1885ರಲ್ಲಿ ಕ್ರಿಸ್ಪಿನ್ ಹಾಲ್ ಕಟ್ಟಲಾಯಿತು. ಕ್ರಿಸ್ಪಿನ್ ಚಮ್ಮಾರರ ರಕ್ಷಕ ಸಂತ. ಕ್ವೇಕರರ ಮದ್ಯವಿರೋಧದ ಛಾಯೆಯೂ ಊರಿನ ಮೇಲೆ ದೀರ್ಘಕಾಲ ಇತ್ತು.

ಸಂಸ್ಥೆಯ ಅತ್ಯಂತ ಪ್ರಸಿದ್ಧ ಉತ್ಪನ್ನ 'ಡೆಸರ್ಟ್ ಬೂಟ್'. ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದ, ಅದೇ ಕುಟುಂಬದ ನೇಥನ್ ಕ್ಲಾರ್ಕ್, ಕೈರೋದ ಪೇಟೆಯಲ್ಲಿ ಮಾಡಿಸಿ ತಂದ ಸ್ವೀಡ್ ಬೂಟುಗಳನ್ನು ಸೇನಾಧಿಕಾರಿಗಳು ಬಿಡುವಿನ ವೇಳೆ ಹಾಕಿಕೊಳ್ಳುವುದನ್ನು ಗಮನಿಸಿದ. ಹಿಮ್ಮಡಿಯ ಎತ್ತರವಿಲ್ಲದ ಕ್ರೇಪ್ ರಬ್ಬರಿನ ಅಟ್ಟೆ, ಲೇಸಿಗೆ ಪ್ರತಿ ಬದಿಯಲ್ಲಿ ಎರಡೇ ತೂತು: ಇಷ್ಟೇ ಅದೇ ಮಾದರಿಯಲ್ಲಿ ಆತ ರೂಪಿಸಿದ ಬೂಟಿನ ವಿನ್ಯಾಸ. ಮನೆಯವರೇ ಇದು ಮಾರಾಟವಾಗದೆಂದು ಮೂಗು ಮುರಿದರು. 1949ರ ಷಿಕಾಗೊ ಪಾದರಕ್ಷೆ ಮೇಳದಲ್ಲಿ ಅಮೆರಿಕನ್ನರು ಮೆಚ್ಚಿದ ಮೇಲೆ ಮಾತು ಬದಲಾಯಿತು. ಮುಂದೆ ಜಮೈಕಾದ ಯುವಕರೂ, ಅಲ್ಲಿನ ಸಂಗೀತಗಾರರೂ ಇದನ್ನು ತಮ್ಮದಾಗಿಸಿಕೊಂಡರು. ಬ್ರಿಟನ್ನಿನ ಮಧ್ಯಮವರ್ಗಕ್ಕೆ ಮಾತ್ರ ಕ್ಲಾರ್ಕ್ಸ್ ಎಂದರೆ ಮಕ್ಕಳ ಪಾದದ ಉದ್ದ, ಅಗಲ ಎರಡನ್ನೂ ಅಳೆದು ಶಾಲೆಯ ಶೂ ಕೊಡುವ ಅಂಗಡಿ.

ಅಗ್ಗದ ಆಮದಿನ ಪೈಪೋಟಿಗೆ ಸಿಕ್ಕಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1993ರಲ್ಲಿ ಸಂಸ್ಥೆಯನ್ನು ಬೆರಿಸ್‌ಫರ್ಡ್ ಕಂಪನಿಗೆ ಮಾರುವ ಪ್ರಸ್ತಾಪವನ್ನು ಷೇರುದಾರರು ಅಲ್ಪ ಅಂತರದಿಂದ ತಳ್ಳಿಹಾಕಿದರು. ಅದೇ ವರ್ಷ ಸ್ಟ್ರೀಟ್‌ನ ಹಳೆಯ ಕಾರ್ಖಾನೆ ಆವರಣ ರಿಯಾಯಿತಿ ದರದ ಮಳಿಗೆಗಳ ಸಂಕೀರ್ಣವಾಯಿತು. ತಯಾರಿಕೆ ಬಹುಪಾಲು ಏಷ್ಯಾಕ್ಕೆ ಹೋಯಿತು. 2021ರಲ್ಲಿ ಹಾಂಗ್‌ಕಾಂಗಿನ ಲಯನ್‌ರಾಕ್ ಕ್ಯಾಪಿಟಲ್ ಬಹುಪಾಲು ಒಡೆತನ ಪಡೆಯಿತು; ಕುಟುಂಬದ್ದು ಅಲ್ಪಪಾಲಾಯಿತು.